ಪ್ರತಿಕ್ರಿಯೆ: ಶಾಲೆಯ ಸಭೆಯಲ್ಲಿ 'ವೆಲ್‌ಕಮ್ ಟು ಕಂಟ್ರಿ' ನಾನು ಹೇಳಬಹುದೇ?
ಮೆಲ್ಬರ್ನಿನ ನಿಮ್ಮ ಮಗಳ ಶಾಲೆಯವರು ಈ ಕೆಲಸ ನಿಮಗೆ ಒಪ್ಪಿಸಿದ್ದಾರೆ ಎಂದರೆ, ಬಹುಶಃ ಎರಡು ವಿಧಿಗಳನ್ನು ಒಂದೇ ಅಂದುಕೊಂಡಿದ್ದಾರೆ. 'ವೆಲ್‌ಕಮ್' ಎಂದರೆ ತಮ್ಮ ನೆಲಕ್ಕೆ ಬಂದವರನ್ನು ಸ್ವಾಗತಿಸುವ ವಿಧಿ; ಅದನ್ನು ಹೇಳುವ ಹಕ್ಕು ಆ ನೆಲದ ಮೂಲನಿವಾಸಿಗಳದ್ದು. ನೀವು ಹೇಳಬಹುದಾದದ್ದು, ಆ ನೆಲ ಅವರದೆಂದು ನೆನೆದು ಗೌರವಿಸುವ 'ಅಕ್ನಾಲೆಜ್‌ಮೆಂಟ್ ಆಫ್ ಕಂಟ್ರಿ'.

ಮೊದಲು ಶಾಲೆ ಯಾರ ನೆಲದಲ್ಲಿದೆ ಎಂದು ತಿಳಿದುಕೊಳ್ಳಿ: ಮೆಲ್ಬರ್ನಿನ ಮೂಲನಿವಾಸಿ ಸಮುದಾಯಗಳಾದ ವುರುಂಡ್ಜೆರಿಯವರದ್ದೋ, ಬುನುರಾಂಗ್ ಜನರದ್ದೋ? ಇಬ್ಬರ ನೆಲದ ಗಡಿಯ ಹತ್ತಿರವಿದ್ದರೆ ಊಹೆ ಬೇಡವೇ ಬೇಡ, ಸ್ಥಳೀಯ ಕೌನ್ಸಿಲ್‌ಗೆ ಫೋನ್ ಮಾಡಿ. ಹೆಸರಿನ ಉಚ್ಚಾರಣೆಯನ್ನೂ ಆಗಲೇ ಕೇಳಿ. ಸಭೆಯ ಶುರುವಿನಲ್ಲೇ ಎರಡು ವಾಕ್ಯ ಸಾಕು: "ನಾವು ಸೇರಿರುವುದು ವುರುಂಡ್ಜೆರಿ ಜನರ ನೆಲದಲ್ಲಿ. ಅವರ ಹಿಂದಿನ, ಇಂದಿನ ಹಿರಿಯರಿಗೆ ನಮ್ಮ ಗೌರವ."

'ವೆಲ್‌ಕಮ್' ಹೇಳಲು ಆ ಸಮುದಾಯದ ಹಿರಿಯರನ್ನೇ ಕರೆಸುವುದಾದರೆ ಅವರ ಸಂಸ್ಥೆಗೆ ವಾರಗಳ ಮೊದಲೇ ಬರೆಯಿರಿ, ಸಂಭಾವನೆಗೆ ಹಣ ತೆಗೆದಿಡಿ. ಮೇ 27ರಿಂದ ಜೂನ್ 3ರವರೆಗಿನ, ಮೂಲನಿವಾಸಿಗಳ ಜೊತೆಗಿನ ಸಾಮರಸ್ಯಕ್ಕೆಂದು ಆಚರಿಸುವ ರಿಕನ್ಸಿಲಿಯೇಷನ್ ವಾರದಲ್ಲಿ ಬಹಳಷ್ಟು ಶಾಲೆಗಳು ಅವರನ್ನೇ ಕರೆಯುತ್ತವೆ.