ಸುಳ್ವಾಡಿಯ ಪ್ರಸಾದ: ವಿಷವೆಂದು ತಿಳಿದದ್ದು ಹೇಗೆ?

ಪ್ರಶ್ನೆ: 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಕಿಚ್ಚುಗುತ್ತಿ ಮಾರಮ್ಮನ ಪ್ರಸಾದ ತಿಂದು 17 ಮಂದಿ ತೀರಿಕೊಂಡರು. ಇಂಥ ಸಂದರ್ಭದಲ್ಲಿ ಕಾರಣ ಹಳಸಿದ ಅನ್ನವೋ, ವಿಷವೋ ಎಂಬುದನ್ನು ವೈದ್ಯರು ಹೇಗೆ ಗುರುತಿಸುತ್ತಾರೆ?

ಉತ್ತರ: ಹಳಸಿದ ಅನ್ನದಿಂದ ಮುಖ್ಯವಾಗಿ ವಾಂತಿ ಭೇದಿಗಳಾಗುತ್ತವೆ. ಆರ್ಗನೋಫಾಸ್ಫೇಟ್ ಕೀಟನಾಶಕವಾದರೋ ನರಸಂಕೇತಗಳಿಗೆ ಕಡಿವಾಣ ಹಾಕುವ ಕೋಲಿನೆಸ್ಟರೇಸ್ ಕಿಣ್ವವನ್ನೇ ತಡೆಯುವುದರಿಂದ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿ, ಜೊಲ್ಲು, ಬೆವರು ಸುರಿದು, ಉಸಿರಾಟವೇ ಕುಸಿಯುತ್ತದೆ. ಈ ಚಿಹ್ನೆಗಳನ್ನು ಕಂಡೊಡನೆ, ಪ್ರಯೋಗಾಲಯದ ವರದಿಗೆ ಕಾಯದೆ, ಈ ವಿಷದ ಪರಿಣಾಮವನ್ನು ತಗ್ಗಿಸುವ ಅಟ್ರೋಪಿನ್ ಔಷಧಿ ಕೊಡಲೇಬೇಕು; ಇಲ್ಲಿ ವಿಳಂಬವೇ ಪ್ರಾಣಕ್ಕೆ ಎರವಾಗುತ್ತದೆ. ಸುಳ್ವಾಡಿಯ ಪ್ರಸಾದದಲ್ಲಿ ಮಾನೋಕ್ರೋಟೊಫಾಸ್ ಎಂಬ ಇಂಥದೇ ಆರ್ಗನೋಫಾಸ್ಫೇಟ್ ಕೀಟನಾಶಕ ಇದ್ದುದು ಮಾದರಿಗಳ ಪರೀಕ್ಷೆಯಿಂದ ದೃಢಪಟ್ಟಿತು. ಆದುದರಿಂದ ಅನುಮಾನ ಬಂದಾಗ ಉಳಿದ ಊಟವನ್ನು ದಯವಿಟ್ಟು ಚೆಲ್ಲಬೇಡಿ, ಪಾತ್ರೆಗಳನ್ನು ತೊಳೆಯಬೇಡಿ.