ಘಾಟಿಯ ಗೇರು, ಆಕಾಶದ ವೇಗ

ಆಗುಂಬೆ ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಯಲೆಂದು ಕಾರನ್ನು ನ್ಯೂಟ್ರಲ್‌ಗೆ ಹಾಕುವುದು ನನ್ನ ಹಳೆಯ ಅಭ್ಯಾಸ. ಈಗ ಎಎಂಟಿ, ಅಂದರೆ ಗೇರ್ ತಾನಾಗಿ ಬದಲಾಗುವ ಕಾರು ಕೊಂಡಿದ್ದೇನೆ. ಇದರಲ್ಲೂ ಹಾಗೆ ಮಾಡಬಹುದೇ? (ತೀರ್ಥಹಳ್ಳಿಯ ಓದುಗರು)

ದಯವಿಟ್ಟು ಬೇಡ. ಹಳೆಯ ಕಾರಿನಲ್ಲೂ ಅದು ಸರಿಯಲ್ಲ. ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉಳಿಯುತ್ತದೆ ಎಂಬುದು ಕಾರ್ಬುರೇಟರ್ ಕಾಲದ ಲೆಕ್ಕ. ಈಗಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಕಾರು ಗೇರಿನಲ್ಲೇ ಇದ್ದು, ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಧನ ಪೂರ್ತಿ ನಿಲ್ಲುತ್ತದೆ. ಉರುಳುವ ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದಂತೆ ಪೆಟ್ರೋಲ್ ಸುಡಲೇಬೇಕು. ಅಂದರೆ ಉಳಿತಾಯವೂ ಇಲ್ಲ.

ಅಪಾಯವಂತೂ ಇದೆ. ಜನ, ಸಾಮಾನು ಸೇರಿ 1,300 ಕೆ.ಜಿ. ತೂಗುವ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿಯುತ್ತದೆ ಎಂದುಕೊಳ್ಳಿ. ಅದು ಕಳೆದುಕೊಳ್ಳಬೇಕಾದ ಶಕ್ತಿ 60 ಲಕ್ಷ ಜೂಲ್‌ಗಿಂತ ಹೆಚ್ಚು. ಇಪ್ಪತ್ತು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ಎಂಜಿನ್ ಹಿಡಿದುಕೊಳ್ಳದಿದ್ದರೆ ಆ ಶಾಖದ ಬಹುಪಾಲು ಬ್ರೇಕಿನ ಡಿಸ್ಕ್ ಮತ್ತು ಡ್ರಮ್‌ಗಳಿಗೇ ಹೋಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಗುಣದ್ದು. ಹೊಸದಾಗಿದ್ದಾಗ 230 ಡಿಗ್ರಿ ದಾಟಿದ ಮೇಲೆ ಕುದಿಯುವ ಡಾಟ್ 4 ಆಯಿಲ್, ನೀರು ಹೀರಿದ ಮೇಲೆ 155 ಡಿಗ್ರಿ ಆಸುಪಾಸಿನಲ್ಲೇ ಕುದಿಯಬಹುದು. ಕುದಿದು ಆವಿಯಾದರೆ ಪೆಡಲ್ ಸಲೀಸಾಗಿ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಮಲೆನಾಡಿನಲ್ಲಿ ಓಡಾಡುವವರು ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಲೇಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇನ್ನು ನಿಮ್ಮ ಎಎಂಟಿ. ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ನಿಮ್ಮ ಕೈಕಾಲಿನ ಬದಲು ಒಂದು ಯಂತ್ರ ಮಾಡುತ್ತದೆ. ಅದಕ್ಕೆ ಮುಂದಿನ ತಿರುವು ಕಾಣುವುದಿಲ್ಲ. ಗೇರನ್ನು ಯಂತ್ರವೇ ಆರಿಸುವ 'ಡಿ'ಯಲ್ಲಿಟ್ಟು ಇಳಿಯುವಾಗ ಕಾರಿನ ವೇಗ ಏರಿತೆಂದು ಅದು ಮೂರನೆಯದಕ್ಕೋ ನಾಲ್ಕನೆಯದಕ್ಕೋ ಹೋಗಿಬಿಡಬಹುದು. ಗೇರ್ ಮೇಲೇರಿದಷ್ಟೂ ಎಂಜಿನ್ನಿನ ಹಿಡಿತ ಸಡಿಲ. ಆದ್ದರಿಂದ ಮೊದಲ ಹೇರ್‌ಪಿನ್ ಬರುವ ಮುಂಚೆಯೇ ಲಿವರನ್ನು ಗೇರನ್ನು ನೀವೇ ಆರಿಸುವ 'ಎಂ'ಗೆ ಸರಿಸಿ, ಮೈನಸ್ ಕಡೆ ತಟ್ಟಿ ಎರಡನೇ ಗೇರಿಗೆ ಬನ್ನಿ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಎಂದು ಹಳೆಯ ಬಸ್ ಚಾಲಕರು ಹೇಳುವ ಮಾತು ಇಲ್ಲಿಗೂ ಸರಿ. ತಡಮಾಡಿ, ವೇಗ ಹೆಚ್ಚಾದ ಮೇಲೆ ತಟ್ಟಿದರೆ ಎಂಜಿನ್ ಕೆಡದಿರಲೆಂದು ಕಂಪ್ಯೂಟರ್ ಕೆಳಗಿನ ಗೇರನ್ನು ಕೊಡದೇ ಇರಬಹುದು. ಸಿವಿಟಿ (ಹಂತಗಳಿಲ್ಲದ ಆಟೊಮ್ಯಾಟಿಕ್ ಗೇರ್) ಇರುವವರಿಗೆ ಲಿವರಿನಲ್ಲಿ 'ಎಲ್' ಅಥವಾ 'ಎಸ್' ಇದೆ, ಅದನ್ನು ಬಳಸಿ.

ಹತ್ತುವಾಗ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡರೆ ಆಕ್ಸಿಲರೇಟರ್ ಒತ್ತಿಯೇ ಕಾರನ್ನು ಹಿಡಿದಿಡಬೇಡಿ. ಕ್ಲಚ್ ಸುಡುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ.

ಟಿವಿ ಉಪಗ್ರಹ ಆಕಾಶದಲ್ಲಿ ಒಂದೇ ಕಡೆ ನಿಂತಿರುತ್ತದಂತೆ. ನಿಂತರೆ ಬೀಳಬೇಕಲ್ಲ? ಮೇಲೆ ಹೋದಷ್ಟೂ ವೇಗ ಕಡಿಮೆ ಅಂತಲೂ ಓದಿದೆ. ಹಾಗಾದರೆ ಮೇಲಿನ ಕಕ್ಷೆಗೆ ಹೋಗಲು ಬ್ರೇಕ್ ಹಾಕುತ್ತಾರಾ? (ಹುಬ್ಬಳ್ಳಿಯ ಪಿಯುಸಿ ವಿದ್ಯಾರ್ಥಿನಿ)

ತುಂಬ ಒಳ್ಳೆಯ ಪ್ರಶ್ನೆ, ಅದರಲ್ಲೂ ಕೊನೆಯದು.

ಅದು ನಿಂತಿಲ್ಲ. ಸೆಕೆಂಡಿಗೆ ಮೂರು ಕಿಲೋಮೀಟರ್ ಓಡುತ್ತಿದೆ. ಬೀಳುತ್ತಲೂ ಇದೆ, ಆದರೆ ಅದು ಬೀಳುವಷ್ಟೇ ಭೂಮಿಯೂ ಕೆಳಗೆ ಬಾಗುತ್ತಾ ಹೋಗುವುದರಿಂದ ಎತ್ತರ ಕಡಿಮೆಯಾಗುವುದಿಲ್ಲ. ಕಾರಿನಲ್ಲಾದರೆ ಎಷ್ಟು ವೇಗ ಬೇಕೆಂದು ನೀವು ಆರಿಸಿಕೊಳ್ಳಬಹುದು. ವೃತ್ತಾಕಾರದ ಕಕ್ಷೆಯಲ್ಲಿ ಆ ಆಯ್ಕೆ ಇಲ್ಲ, ಎತ್ತರವೇ ವೇಗವನ್ನು ನಿರ್ಧರಿಸುತ್ತದೆ. 400 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ 7.7 ಕಿ.ಮೀ., ಒಂದು ಸುತ್ತಿಗೆ ಸುಮಾರು ಒಂದೂವರೆ ಗಂಟೆ. 35,786 ಕಿ.ಮೀ.ಯಲ್ಲಿ ವೇಗ 3.07ಕ್ಕೆ ಇಳಿಯುತ್ತದೆ, ಒಂದು ಸುತ್ತಿಗೆ 23 ಗಂಟೆ 56 ನಿಮಿಷ ಹಿಡಿಯುತ್ತದೆ. ಭೂಮಿ ತನ್ನ ಸುತ್ತ ಒಮ್ಮೆ ತಿರುಗಲು ತೆಗೆದುಕೊಳ್ಳುವ ಸಮಯವೂ ಅಷ್ಟೇ. ಸಮಭಾಜಕದ ನೇರ ಮೇಲೆ, ಭೂಮಿ ತಿರುಗುವ ದಿಕ್ಕಿನಲ್ಲೇ ಸುತ್ತಿದರೆ ನಮ್ಮ ಕಣ್ಣಿಗೆ ಅದು ನಿಂತಂತೆ. ನಮ್ಮ ಮನೆಗಳ ಡಿಶ್‌ಗಳೆಲ್ಲ ದಕ್ಷಿಣದ ಕಡೆ ಮುಖ ಮಾಡಿರುವುದೂ ಇದೇ ಕಾರಣಕ್ಕೆ. 83 ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ಉಪಗ್ರಹ ಬೆಂಗಳೂರಿನಿಂದ ದಿಗಂತಕ್ಕಿಂತ ಸುಮಾರು 73 ಡಿಗ್ರಿ ಮೇಲಿದೆ, ದೆಹಲಿಯಿಂದ ಸುಮಾರು 56.

ಈಗ ಬ್ರೇಕಿನ ವಿಷಯ. ಹಾಕುವುದು ಬ್ರೇಕಲ್ಲ, ಆಕ್ಸಿಲರೇಟರ್! ರಾಕೆಟ್ ಉಪಗ್ರಹವನ್ನು ಉದ್ದನೆಯ ಅಂಡಾಕಾರದ ದಾರಿಯಲ್ಲಿ ಬಿಡುತ್ತದೆ: ಒಂದು ತುದಿ 170 ಕಿ.ಮೀ. ಆಸುಪಾಸು, ಇನ್ನೊಂದು ಸುಮಾರು 36,000. ಕೆಳಗಿನ ತುದಿಯಲ್ಲಿ ಸೆಕೆಂಡಿಗೆ 10 ಕಿ.ಮೀ. ಮೀರಿದ ವೇಗ, ಮೇಲೇರುತ್ತಾ ಏರುತ್ತಾ ಕರಗಿ ತುತ್ತತುದಿಯಲ್ಲಿ ಬರೀ 1.6 ಉಳಿಯುತ್ತದೆ. ಅಲ್ಲೇ ಉಳಿಯಲು 3.07 ಬೇಕು. ಆ ಕೊರತೆ ತುಂಬಲು ಹಾಸನದ ಇಸ್ರೊ ಮುಖ್ಯ ನಿಯಂತ್ರಣ ಕೇಂದ್ರದಿಂದ ಆದೇಶ ಹೋಗುತ್ತದೆ, ಉಪಗ್ರಹದ ಎಂಜಿನ್ ಉರಿಯುತ್ತದೆ. ಅದರ ನೂಕು 440 ನ್ಯೂಟನ್, ನೆಲದ ಮೇಲೆ 45 ಕೆ.ಜಿ. ಎತ್ತಲು ಬೇಕಾದಷ್ಟೇ. ಟನ್‌ಗಟ್ಟಲೆ ತೂಕವನ್ನು ಅಷ್ಟರಿಂದ ತಳ್ಳಬೇಕಾದ್ದರಿಂದ ಕೆಲವು ದಿನಗಳಲ್ಲಿ ಹಲವು ಕಂತುಗಳಾಗಿ ಉರಿಸುತ್ತಾರೆ. ಹೀಗೆ ಪ್ರತಿ ಸಲ ವೇಗ ಕೂಡಿಸಿಯೂ ಕೊನೆಗೆ ಕೆಳಗಿದ್ದಾಗಿನ ವೇಗಕ್ಕಿಂತ ಕಡಿಮೆಯಲ್ಲಿ ನಿಲ್ಲುತ್ತದೆ; ಉಳಿದದ್ದನ್ನು ಏರುದಾರಿ ತಿಂದಿರುತ್ತದೆ.

ನಿಮ್ಮ ಊರಿಗೆ ಸಂಬಂಧಿಸಿದ ಒಂದು ಸಂಗತಿ ಹೇಳದೆ ಇರಲಾರೆ. ಸಮಭಾಜಕ ನೋಡಿದಷ್ಟು ದುಂಡಗಿಲ್ಲ, ಸ್ವಲ್ಪ ಅಂಡಾಕಾರ. ಹೀಗಾಗಿ ಸುಮ್ಮನೆ ಬಿಟ್ಟರೆ ಸ್ಥಿರ ಉಪಗ್ರಹಗಳು ಪೂರ್ವಕ್ಕೋ ಪಶ್ಚಿಮಕ್ಕೋ ನಿಧಾನವಾಗಿ ಸರಿಯುತ್ತವೆ. ಅವುಗಳನ್ನು ತಮ್ಮತ್ತ ಸೆಳೆಯುವ ಸ್ಥಳಗಳು ಎರಡೇ. ಒಂದು ಪಶ್ಚಿಮ ರೇಖಾಂಶ 105ರ ಹತ್ತಿರ; ಇನ್ನೊಂದು ಪೂರ್ವ 75ರ ಹತ್ತಿರ, ಅಂದರೆ ಹುಬ್ಬಳ್ಳಿಯ ರೇಖಾಂಶ. ಜತೆಗೆ ಚಂದ್ರ, ಸೂರ್ಯರ ಎಳೆತದಿಂದ ಕಕ್ಷೆ ವರ್ಷಕ್ಕೆ ಸುಮಾರು ಒಂದು ಡಿಗ್ರಿಯವರೆಗೆ ವಾಲುತ್ತದೆ. ಇದನ್ನೆಲ್ಲ ಸಣ್ಣ ಥ್ರಸ್ಟರ್‌ಗಳಿಂದ ಸರಿಪಡಿಸುತ್ತಲೇ ಇರಬೇಕು. ಎಲೆಕ್ಟ್ರಾನಿಕ್ಸ್ ಚೆನ್ನಾಗಿದ್ದರೂ ಇಂಧನ ಮುಗಿಯಿತೆಂದರೆ ಆ ಉಪಗ್ರಹದ ಸೇವೆ ಮುಗಿದಂತೆ. ಕೊನೆಯ ಹನಿಗಳನ್ನು ಅದನ್ನು ಇನ್ನೂ ಸುಮಾರು 300 ಕಿ.ಮೀ. ಮೇಲಕ್ಕೆ ತಳ್ಳಿ ಜಾಗ ತೆರವು ಮಾಡಲು ಮೀಸಲಿಡುತ್ತಾರೆ.

ಜೋರು ಮಳೆ ಬಂದರೆ ನಮ್ಮ ಡಿಟಿಎಚ್ ನಿಲ್ಲುತ್ತದೆ, ಪೇಟೆಯ ಕೇಬಲ್‌ನವರದು ನಿಲ್ಲುವುದಿಲ್ಲ. ಯಾಕೆ? (ಶೃಂಗೇರಿ ಸಮೀಪದ ಓದುಗರು)

ಉಪಗ್ರಹ ನೆಲದಿಂದ ಬಂದ ಸಂಕೇತವನ್ನು ಹಿಡಿದು, ಬಲಪಡಿಸಿ, ಬೇರೆ ತರಂಗಾಂತರದಲ್ಲಿ ಕೆಳಗೆ ಕಳಿಸುತ್ತದೆ. ಅದೇ ತರಂಗಾಂತರದಲ್ಲಿ ಕಳಿಸಿದರೆ ಅದರ ಜೋರು ದನಿ ಕೆಳಗಿಂದ ಬರುವ ಕ್ಷೀಣ ಸಂಕೇತವನ್ನು ಮುಳುಗಿಸಿಬಿಡುತ್ತದೆ. ಮನೆಯ ಡಿಶ್‌ಗೆ ಬರುವುದು ಕೆಯು ಬ್ಯಾಂಡ್, ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಮಳೆಹನಿಗಳು ಇದನ್ನು ಚೆನ್ನಾಗಿ ಹೀರಿ ಚದುರಿಸುತ್ತವೆ. ಕೇಬಲ್‌ನವರ ದೊಡ್ಡ ಡಿಶ್‌ಗಳು ಹೆಚ್ಚಾಗಿ ಹಿಡಿಯುವ ಸಿ ಬ್ಯಾಂಡಿನ ಅಲೆ ಏಳೂವರೆ ಸೆಂಟಿಮೀಟರ್ ಆಸುಪಾಸು. ಮಳೆಯಿಂದ ಅದಕ್ಕೆ ಹೆಚ್ಚು ತೊಂದರೆ ಇಲ್ಲ.

60 ಸೆಂ.ಮೀ. ಡಿಶ್ ತೆಗೆದು 90 ಸೆಂ.ಮೀ.ಯದು ಹಾಕಿಸಿದರೆ ಎರಡು ಪಟ್ಟಿಗೂ ಹೆಚ್ಚು ಸಂಕೇತ ಸಿಗುತ್ತದೆ. ನಿಮ್ಮ ಕಡೆಯ ಮಳೆಗೆ ಆ ಖರ್ಚು ದಂಡವಲ್ಲ. ಮಳೆ ನಿಂತು ಅರ್ಧ ಗಂಟೆಯಾದರೂ ಚಿತ್ರ ಬಾರದಿದ್ದರೆ ದೋಷ ಆಕಾಶದ್ದಲ್ಲ. ಡಿಶ್ ಮುಂದೆ ಸಂಕೇತ ಹಿಡಿಯುವ ಪುಟ್ಟ ಡಬ್ಬಿಗೆ (ಎಲ್‌ಎನ್‌ಬಿ) ಕೇಬಲ್ ಸೇರುವ ಜಾಗ ಬಿಚ್ಚಿ ನೋಡಿ. ತಾಮ್ರದ ತಂತಿ ಹಸಿರುಗಟ್ಟಿದ್ದರೆ ಅಷ್ಟು ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ ರಬ್ಬರ್ ಟೇಪ್ ಸುತ್ತಿ. ಕೇಬಲ್ ಮನೆಯೊಳಗೆ ಬರುವ ಮುಂಚೆ ಸ್ವಲ್ಪ ಜೋತುಬಿದ್ದಿರಲಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.