ಅಟ್ಟದ ಗಂಗಾಳ ಕೆಳಗಿಳಿಯಲಿ

ಪಾತ್ರೆ ಪಡಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಧಾರವಾಡದ ಕಡೆಯ ಮನೆತನ, ಈಗ ಬೆಂಗಳೂರಿನಲ್ಲಿದ್ದೇವೆ. ಹೋದ ವರ್ಷ ಅವ್ವ ತೀರಿಕೊಂಡಳು. ಊರ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟ ಎರಡು ಗಂಗಾಳ, ಒಂದು ಹಿತ್ತಾಳೆ ಬೋಗುಣಿ ಸಿಕ್ಕವು. ಎಲ್ಲ ಕಪ್ಪಗಾಗಿವೆ. ಚಿಕ್ಕವಳಿದ್ದಾಗ ಆ ಗಂಗಾಳದಲ್ಲೇ ಉಂಡಿದ್ದೇನೆ, ಈಗಲೂ ದಿನಾ ಅದರಲ್ಲೇ ಉಣ್ಣುವ ಆಸೆ. ಮಗ ಮಾತ್ರ “ಅದು ಕಂಚೋ ಹಿತ್ತಾಳೆಯೋ ಯಾರಿಗೆ ಗೊತ್ತು, ಹೊಟ್ಟೆಗೆ ವಿಷ, ಶೋಕೇಸಿನಲ್ಲಿಡು” ಅನ್ನುತ್ತಾನೆ. ಏನು ಮಾಡಲಿ?
— ಓದುಗರು, ಬೆಂಗಳೂರು

ಉತ್ತರ: ಶೋಕೇಸಿಗೆ ಹಾಕಬೇಡಿ ತಂಗಿ. ನಿಮ್ಮ ಮಗನ ಅನುಮಾನದಲ್ಲೂ ತಪ್ಪಿಲ್ಲ, ಅದನ್ನು ಮೊದಲು ಬಗೆಹರಿಸೋಣ.

ಗಂಗಾಳವನ್ನು ಅಂಗೈಯಲ್ಲಿ ಹಿಡಿಯಬೇಡಿ, ಐದೂ ಬೆರಳ ತುದಿಯ ಮೇಲೆ ನಿಲ್ಲಿಸಿಕೊಳ್ಳಿ. ಕಟ್ಟಿಗೆಯ ಸೌಟಿನ ಹಿಡಿಯಿಂದ ಅಂಚಿಗೆ ಮೆಲ್ಲಗೆ ಒಂದು ಪೆಟ್ಟು ಕೊಡಿ. ಕಂಚಾದರೆ ಗುಡಿಯ ಗಂಟೆಯ ಹಾಗೆ ನಾದ ಎಳೆದುಕೊಂಡು ಹೋಗುತ್ತದೆ. ಗಂಟೆಯೂ ಅದೇ ಜಾತಿಯ ಲೋಹ. ಹಿತ್ತಾಳೆ ಟಣ್ ಅಂದು ಅಲ್ಲಿಗೇ ಸುಮ್ಮನಾಗುತ್ತದೆ. ಒಂದು ವೇಳೆ ಒಡಕು ದನಿ ಬಂದರೆ ಎಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ ಅಂತ ತಿಳಿಯಿರಿ. ಆಮೇಲೆ ಒಂದು ಮೂಲೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ನೋಡಿ. ಹಿತ್ತಾಳೆ ಬಂಗಾರದಂತೆ ಹಳದಿಯಾಗಿ ಹೊಳೆಯುತ್ತದೆ. ಕಂಚಿಗೆ ಅಷ್ಟು ಹೊಳಪಿಲ್ಲ, ಅದರ ಹಳದಿಯೊಳಗೆ ಚೂರು ಕೆಂಪು, ಚೂರು ಬೂದಿ ಬೆರೆತಿರುತ್ತದೆ.

ಹಿತ್ತಾಳೆ ಎಂದರೆ ತಾಮ್ರಕ್ಕೆ ಸತುವು ಬೆರೆಸಿದ್ದು. ಕಂಚು ತಾಮ್ರಕ್ಕೆ ತವರ ಬೆರೆಸಿದ್ದು. ಊಟದ ಕಂಚಿನಲ್ಲಿ ನೂರಕ್ಕೆ ಸುಮಾರು 78 ಪಾಲು ತಾಮ್ರ, 22 ಪಾಲು ತವರ. ಇಷ್ಟು ತವರ ಇರುವುದರಿಂದಲೇ ಅದು ಹಾಡುತ್ತದೆ, ಬಿದ್ದರೆ ಒಡೆಯುವುದೂ ಅದರಿಂದಲೇ. ಕಂಚುಗಾರರು ಅದನ್ನು ಕೆಂಪಗೆ ಕಾಯಿಸಿ, ಬಿಸಿ ಇರುವಾಗಲೇ ಬಡಿದು ಅಗಲ ಮಾಡುತ್ತಾರೆ. ಆರಿದ ಮೇಲೆ ಬಡಿದರೆ ಸೀಳುತ್ತದೆ. ಅದಕ್ಕೇ ಹೇಳುತ್ತೇನೆ, ನಿಮ್ಮ ಗಂಗಾಳದ ಅಂಚು ಸ್ವಲ್ಪ ಸೊಟ್ಟಗಿದ್ದರೂ ಯಾರ ಕೈಗೂ ಕೊಟ್ಟು ನೆಟ್ಟಗೆ ಮಾಡಿಸಬೇಡಿ.

ಗಂಗಾಳ ಕಂಚಿನದೇ ಆದರೆ ಧಾರಾಳವಾಗಿ ಉಣ್ಣಿ. ಊಟದ ಕಂಚಿಗೆ ಕಲಾಯಿ, ಅಂದರೆ ಒಳಮೈಗೆ ತವರದ ಲೇಪ, ಹಾಕಿಸುವ ರೂಢಿ ನಮ್ಮಲ್ಲಿಲ್ಲ. ಬಿಸಿ ರೊಟ್ಟಿ, ಪಲ್ಯ, ಅನ್ನ, ಸಾರು ಯಾವುದಕ್ಕೂ ಅಡ್ಡಿಯಿಲ್ಲ. ಮಜ್ಜಿಗೆ, ಉಪ್ಪಿನಕಾಯಿ, ಹುಳಿ ಮಾತ್ರ ಅದರಲ್ಲಿ ಹಾಗೇ ಬಿಟ್ಟು ಎದ್ದು ಹೋಗಬೇಡಿ. ಉಂಡ ತಕ್ಷಣ ತೊಳೆದು ಒಣಬಟ್ಟೆಯಿಂದ ಒರೆಸಿ. ಹಸಿರು ಕಿಲುಬು ಕಂಡರೆ ಅದು ಪೂರ್ತಿ ಹೋಗುವ ತನಕ ಅದರಲ್ಲಿ ಉಣ್ಣಬಾರದು.

ಬೋಗುಣಿಯ ಮಾತು ಬೇರೆ. ಹಿತ್ತಾಳೆಯಲ್ಲಿ ಕಲಾಯಿ ಇಲ್ಲದೆ ಹುಳಿ ಬೇಯಿಸಬಾರದು, ತಾಮ್ರ ಬಿಟ್ಟುಕೊಳ್ಳುತ್ತದೆ. ನಾವು ಚಿಕ್ಕವರಿದ್ದಾಗ ಕಲಾಯಿಯವನು ಬೇವಿನ ಮರದ ಕೆಳಗೆ ಕುಣಿ ತೋಡಿ, ಇದ್ದಿಲು ಹಾಕಿ, ತಿದಿ ಒತ್ತುತ್ತ ಕೂಡುತ್ತಿದ್ದ. ಪಾತ್ರೆ ಕಾದ ಮೇಲೆ ನವಸಾಗರದ ಪುಡಿ ಉದುರಿಸಿದರೆ ಮೂಗು ಸುಡುವಂಥ ಬಿಳಿ ಹೊಗೆ ಏಳುತ್ತಿತ್ತು. ಆ ಹೊಗೆಯೊಳಗೇ ತವರದ ಕಡ್ಡಿಯನ್ನು ಪಾತ್ರೆಗೆ ಮುಟ್ಟಿಸಿ, ಅರಳೆಯ ಉಂಡೆಯಿಂದ ಒಂದು ಸುತ್ತು ಎಳೆದನೆಂದರೆ ಕಪ್ಪು ಪಾತ್ರೆಯ ಒಡಲು ನಮ್ಮ ಕಣ್ಣೆದುರಿಗೇ ಬೆಳ್ಳಿಯಾಗುತ್ತಿತ್ತು. ಈಗ ಅಂಥವರು ಸಿಕ್ಕರೆ ಅವರ ತವರ ಪರೀಕ್ಷೆ ಮಾಡಿಯೇ ಪಾತ್ರೆ ಕೊಡಿ. ಸೀಸ ಬೆರೆಸಿದ ತವರ ನಿಜವಾಗಿಯೂ ವಿಷ. ಶುದ್ಧ ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರೆ ಕಿರ್‌ಕಿರ್ ಅನ್ನುತ್ತದೆ. ಸೀಸ ಹೆಚ್ಚಿದ್ದರೆ ಬಿಳಿ ಕಾಗದದ ಮೇಲೆ ಎಳೆದಾಗ ಬೂದು ಗೆರೆ ಮೂಡುತ್ತದೆ. ಇನ್ನೊಂದು ಮಾತು: ತವರ 232 ಡಿಗ್ರಿಗೇ ಕರಗುತ್ತದೆ. ಕಲಾಯಿ ಮಾಡಿಸಿದ ಬೋಗುಣಿಯನ್ನು ಖಾಲಿ ಇರುವಾಗ ಗ್ಯಾಸಿನ ಮೇಲೆ ಇಟ್ಟು ಮರೆಯಬೇಡಿ.

ಶೋಕೇಸು ಬೇಡ ಎಂದು ಅಷ್ಟು ಗಟ್ಟಿಯಾಗಿ ಯಾಕೆ ಹೇಳಿದೆ ಅಂತ ನಿಮಗೆ ಅನಿಸಿರಬಹುದು. ಗದಗಿನ ನಮ್ಮ ಮನೆಯಲ್ಲಿ ಕಂಚಿನ ಗಂಗಾಳ ಇದ್ದದ್ದು ಅಜ್ಜನಿಗೆ ಒಬ್ಬರಿಗೇ. ನಮಗೆಲ್ಲ ಜರ್ಮನ್ ತಾಟು, ಅಂದರೆ ಅಲ್ಯೂಮಿನಿಯಂ ತಟ್ಟೆ. ಅಡ್ಡಣಿಗೆಯ ಮೇಲೆ ಗಂಗಾಳ ಕೂತಿತೆಂದರೆ ಒಳಗಿನಿಂದ ಅವ್ವನ ದನಿ ಬರುತ್ತಿತ್ತು: “ಗದ್ದಲ ಮಾಡಬ್ಯಾಡ್ರಿ, ಅಜ್ಜಾರು ಊಟಕ್ಕ ಕೂತಾರ.” ಮೊದಲು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಕೊನೆಗೆ ಅನ್ನದ ಮೇಲೆ ಮೊಸರು ಸುರಿದು ಅಜ್ಜ ಕಲಸುವಾಗ ಅವರ ಬೆಳ್ಳಿಯುಂಗುರ ಗಂಗಾಳಕ್ಕೆ ತಾಗಿ ಸಣ್ಣಗೆ ಹಾಡುತ್ತಿತ್ತು. ನಮ್ಮ ಮನೆಯಲ್ಲಿ ಊಟ ಮುಗಿಯಿತು ಎಂಬುದಕ್ಕೆ ಆ ದನಿಯೇ ಗುರುತು. ಗಂಗಾಳದ ತಳದಲ್ಲಿ, ಅಜ್ಜನ ಬಲಗೈ ಹೆಬ್ಬೆರಳು ತಿರುಗುವ ಕಡೆ, ಎಂಟಾಣೆಯಷ್ಟು ಅಗಲ ಜಾಗ ನುಣ್ಣಗಾಗಿತ್ತು. ಉಳಿದ ಕಡೆ ಸುತ್ತಿಗೆಯ ಏಟಿನ ಗುರುತು ಕೈಗೆ ಹತ್ತುತ್ತಿತ್ತು, ಅಲ್ಲಿ ಮಾತ್ರ ಇಲ್ಲ. ಗಂಗಾಳ ತೊಳೆಯುವ ಪಾಳಿ ನನ್ನದು, ಅದಕ್ಕೇ ಇದು ನನಗೆ ಗೊತ್ತು.

ಅಜ್ಜ ಹೋದ ಮೇಲೆ ಅದು ಅಟ್ಟ ಸೇರಿತು. 1979ರ ದೀಪಾವಳಿಯ ಮುಂಚೆ ಅವ್ವ ಅದನ್ನು ಪಾತ್ರೆ ಅಂಗಡಿಗೆ ಹಾಕಿ ಸ್ಟೀಲಿನ ಡಬ್ಬಿ ತಂದಳು. ಕಂಚನ್ನೂ ಅವರು ಹಿತ್ತಾಳೆಯ ದರಕ್ಕೇ ತೂಗಿಕೊಂಡರೆಂದು ಆಮೇಲೆ ಗೊತ್ತಾಯಿತು. ಆ ನೋವು ಇವತ್ತಿಗೂ ಇದೆ. ಆದರೆ ಅವ್ವನ ಮೇಲೆ ನನಗೆ ಸಿಟ್ಟಿಲ್ಲ. ಬೂದಿ, ಹುಣಸೆಹಣ್ಣು ಹಾಕಿ ಮನೆಯ ಉಳಿದ ಪಾತ್ರೆಗಳನ್ನೆಲ್ಲ ದಿನಾ ತಿಕ್ಕಿ ತಿಕ್ಕಿ ಚಳಿಗಾಲದಲ್ಲಿ ಅವಳ ಬೆರಳ ಸಂದಿ ಸೀಳಿ ರಕ್ತ ಬರುತ್ತಿತ್ತು. ಕಪ್ಪಾಗದ ಸ್ಟೀಲು ಅವಳಿಗೆ ದೇವರು ಕೊಟ್ಟ ವರ. ಆಗ ಎಷ್ಟೋ ಮನೆಗಳಲ್ಲಿ ಹೀಗೇ ಆಯಿತು. ಆ ಗಂಗಾಳದಲ್ಲಿ ನಾವು ಯಾರಾದರೂ ಒಬ್ಬರು ಉಣ್ಣುತ್ತಿದ್ದರೆ ಅವ್ವ ಅದನ್ನು ಅಂಗಡಿಗೆ ಒಯ್ಯುತ್ತಿರಲಿಲ್ಲ ಎಂದು ಮಾತ್ರ ನನ್ನ ಗಟ್ಟಿ ನಂಬಿಕೆ. ನಿಮ್ಮ ಬಳಿ ಎರಡಿವೆ. ಒಂದು ನಿಮಗೆ, ಇನ್ನೊಂದರಲ್ಲಿ ಮಗನಿಗೆ ಬಡಿಸಿ.

ಪ್ರಶ್ನೆ: ನೀಲಿ ಅಂಚಿನ ಬಿಳಿ ಎನಾಮಲ್ ತಟ್ಟೆಗಳು ನಮ್ಮ ತಾತನ ಕಾಲದವು. ಅಲ್ಲಲ್ಲಿ ಚಕ್ಕೆ ಎದ್ದು ಕಪ್ಪು ಕಾಣುತ್ತಿದೆ. ಮತ್ತೆ ಬಣ್ಣ ಹಚ್ಚಿಸಿ ಬಳಸಬಹುದೆ?
— ಓದುಗರು, ಶಿರಸಿ

ಉತ್ತರ: ಬೇಡ. ಎನಾಮಲ್ ಬಣ್ಣವಲ್ಲ, ಕಬ್ಬಿಣದ ತಗಡಿನ ಮೇಲೆ ಕರಗಿಸಿ ಕೂರಿಸಿದ ಗಾಜಿನ ಪದರ. ಅದನ್ನು ಮನೆಯಲ್ಲಿ ಮತ್ತೆ ಕೂರಿಸಲು ಬರುವುದಿಲ್ಲ, ಅಂಗಡಿಯ ಬಣ್ಣ ಹಚ್ಚಿದರೆ ಅದು ಹೊಟ್ಟೆಗೆ ಹೋಗುತ್ತದೆ. ಚಕ್ಕೆ ಎದ್ದ ಕಡೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಪಕ್ಕದ ಗಾಜೂ ಸಣ್ಣ ಚೂರಾಗಿ ಉದುರಬಹುದು. ಅಂಚಿನಲ್ಲಿ ಮಾತ್ರ ಚಕ್ಕೆ ಎದ್ದವನ್ನು ಸಿಪ್ಪೆ ಸುಲಿಯದ ಬಾಳೆಹಣ್ಣು, ಕಿತ್ತಳೆ ಇಡಲು ಬಳಸಿ. ನಡುವೆ ಎದ್ದಿದ್ದರೆ ದೇವರ ಮನೆಯಲ್ಲಿ ಹೂವಿನ ತಟ್ಟೆ ಮಾಡಿಕೊಳ್ಳಿ. ಒಂದೂ ಚಕ್ಕೆ ಏಳದ ತಟ್ಟೆ ಇದ್ದರೆ ಅದರಲ್ಲಿ ಉಣ್ಣಬಹುದು, ಆದರೆ ತಂತಿಬ್ರಷ್ ತಾಗಿಸಬೇಡಿ.

ಪ್ರಶ್ನೆ: ಅಜ್ಜಿಯ ಉಪ್ಪಿನಕಾಯಿ ಭರಣಿ ಎಷ್ಟು ಒರೆಸಿದರೂ ಹೊರಮೈಯಲ್ಲಿ ಬಿಳಿ ಪುಡಿ ಮೂಡುತ್ತಿದೆ. ಏನಿದು?
— ಓದುಗರು, ತೀರ್ಥಹಳ್ಳಿ

ಉತ್ತರ: ಉಪ್ಪು. ಒಳಗಿನ ಹೊಳಪಿನ ಪದರ ಕಣ್ಣಿಗೆ ಕಾಣದಷ್ಟು ಸಣ್ಣಗೆ ಬಿರಿದು, ಉಪ್ಪುನೀರು ಮಣ್ಣಿನೊಳಗೆ ಇಳಿದು ಹೊರಗೆ ಒಣಗುತ್ತಿದೆ. ಅದರಲ್ಲಿ ಇನ್ನು ಮಿಡಿ ಹಾಕಬೇಡಿ, ವರ್ಷವಿಡೀ ಪಟ್ಟ ಶ್ರಮ ಹಾಳಾದೀತು. ನಾಲ್ಕು ದಿನ ದಿನಾ ನೀರು ಬದಲಿಸಿ ನೆನೆಸಿ, ಬಿಸಿಲಿಗೆ ಒಣಗಿಸಿ, ಒಲೆಯ ಪಕ್ಕ ಸೌಟು ನಿಲ್ಲಿಸಲು ಇಟ್ಟುಕೊಳ್ಳಿ. ದಿನಕ್ಕೆ ಹತ್ತು ಸಲ ಅಜ್ಜಿಯ ಭರಣಿಗೆ ಕೈ ತಾಗುತ್ತದೆ.

ಪ್ರಶ್ನೆ: ಅಮ್ಮನ ಮದುವೆಗೆ ಬಂದ ಸ್ಟೀಲ್ ಲೋಟಗಳ ಮೇಲೆ ಕೊಟ್ಟವರ ಹೆಸರು, ತಾರೀಕು ಕೊರೆದಿದೆ. ಮಗಳ ಮದುವೆಗೆ ಅವನ್ನೇ ಕೊಡುವ ಆಸೆ. ಹಳೆಯ ಹೆಸರು ಉಜ್ಜಿಸಿ ತೆಗೆಸಬಹುದೆ?
— ಓದುಗರು, ದಾವಣಗೆರೆ

ಉತ್ತರ: ಉಜ್ಜಿಸಬಹುದು, ಆದರೆ ಕೈಮುಗಿದು ಕೇಳುತ್ತೇನೆ, ಉಜ್ಜಿಸಬೇಡಿ. ಆಗ ಹೆಸರು ಹಾಕಿಸುತ್ತಿದ್ದದ್ದು ದೊಡ್ಡಸ್ತಿಕೆಗಷ್ಟೇ ಅಲ್ಲ. ಮದುವೆ ಮುಂಜಿಗೆ ಓಣಿಯ ಎಲ್ಲರ ಮನೆಯ ಲೋಟ, ತಾಟು, ಬಕೆಟ್ಟು ಒಂದೇ ಪಂಕ್ತಿಗೆ ಬರುತ್ತಿದ್ದವು. ಮರುದಿನ ಬಾವಿಕಟ್ಟೆಯಲ್ಲಿ ತೊಳೆದು, ಹೆಸರು ಓದಿ ಓದಿ ವಾಪಸು ಕಳಿಸುತ್ತಿದ್ದರು. ಓದಲು ಬಾರದ ನಮ್ಮ ಅಜ್ಜಿ ಕೊರೆದ ಚುಕ್ಕಿಗಳ ಮೇಲೆ ಉಗುರು ಆಡಿಸಿಯೇ “ಇದು ನಮ್ಮದು” ಎಂದು ಎತ್ತಿಕೊಳ್ಳುತ್ತಿದ್ದಳು.

ನಿಮ್ಮ ಲೋಟಗಳನ್ನು ಬಿಸಿಲಿಗೆ ಹಿಡಿದು ನೋಡಿ. ಅಕ್ಷರ ಗೆರೆಯಲ್ಲ, ಚುಕ್ಕಿಗಳ ಸಾಲು. ಸಣ್ಣ ಉಳಿ, ಸಣ್ಣ ಸುತ್ತಿಗೆಯಿಂದ ಒಂದೊಂದೇ ಚುಕ್ಕಿ ಹೊಡೆದು ಬರೆದದ್ದು. ಒತ್ತಕ್ಷರ ಬಂದಲ್ಲಿ ಚುಕ್ಕಿಗಳು ಇರುಕಿಕೊಂಡು ಕೂತಿರುತ್ತವೆ. ಈಗ ಅಂಗಡಿಗಳಲ್ಲಿ ಕರೆಂಟಿನ ಪೆನ್ನಿನಿಂದ ಸರ್ರನೆ ಗೀಚಿಬಿಡುತ್ತಾರೆ, ಆ ಗೆರೆ ಅಷ್ಟು ಆಳ ಇಳಿಯುವುದಿಲ್ಲ. ಲೋಟದ ಆಚೆ ಬದಿ ಖಾಲಿಯೇ ಇದೆಯಲ್ಲ, ಅಲ್ಲಿ ಮಗಳ ಹೆಸರು, ಮದುವೆಯ ತಾರೀಕು ಹಾಕಿಸಿ. ಸುತ್ತಿಗೆ ಉಳಿಯಿಂದ ಚುಕ್ಕಿ ಹೊಡೆಯಲು ಬರುವ ಹಿರಿಯರು ನಿಮ್ಮೂರ ಪಾತ್ರೆ ಅಂಗಡಿಯಲ್ಲಿ ಇದ್ದಾರೆಯೇ ಎಂದು ಮೊದಲು ವಿಚಾರಿಸಿ. ಅಂಥವರು ಸಿಕ್ಕರೆ ಅವರು ಹೆಸರು ಹೊಡೆಯುವ ಹೊತ್ತಿಗೆ ಮಗಳನ್ನೂ ಕರೆದುಕೊಂಡು ಹೋಗಿ.